ಗುಂಡಿ ಕಿತ್ತ ಅಂಗಿ

ಅಳುವುದು ನನ್ನ ಉದ್ಯೋಗ. ಮೊದಲು ನಾಟಕಗಳಲ್ಲಿ ಅಳುತ್ತಿದ್ದೆ, ಈಗ ವೈದ್ಯಕೀಯ ಕಾಲೇಜಿನ ಪರೀಕ್ಷೆಯಲ್ಲಿ ಅಳುತ್ತೇನೆ. ನನ್ನದು ಮಗನನ್ನು ಕಳೆದುಕೊಂಡ ತಾಯಿಯ ಪಾತ್ರ. ಡಾಕ್ಟರಾಗಲಿರುವವರು ಒಬ್ಬೊಬ್ಬರಾಗಿ ಬಂದು ನನಗೆ ಸಾವಿನ ಸುದ್ದಿ ಹೇಳಬೇಕು. ಹೇಗೆ ಹೇಳಿದರು ಎಂಬುದಕ್ಕೆ ಅಂಕ. ಹುಡುಗರು ನನಗೆ ‘ಕಣ್ಣೀರಕ್ಕ’ ಎಂದು ಹೆಸರಿಟ್ಟಿದ್ದಾರೆ. “ಮನೇಲಿ ಈರುಳ್ಳಿ ಹೆಚ್ಚಿದ್ರೂ ಒಂದು ಹನಿ ಉದುರಿಸಲ್ಲ, ಅಲ್ಲಿ ಹೋಗಿ ಕೊಡಗಟ್ಟಲೆ ಸುರಿಸ್ತಾಳೆ” ಎಂದು ನಮ್ಮ ಯಜಮಾನರು ಬಂದವರ ಮುಂದೆಲ್ಲ ಆಡಿಕೊಳ್ಳುತ್ತಾರೆ.

ಸುದ್ದಿ ಹೇಳಲು ಆರು ಹಂತಗಳಿವೆ. ಅವನ್ನು ಮಾಡಿದವರು ಪರೀಕ್ಷೆ ನಡೆಸುವ ಪ್ರೊಫೆಸರು. ಹೆಸರು ಹೇಳಿಕೊಳ್ಳಬೇಕು, ಎದುರಿನ ಕುರ್ಚಿಯಲ್ಲಿ ಕೂರಬೇಕು, ಕೆಟ್ಟ ಸುದ್ದಿಯಿದೆ ಎಂದು ಎಚ್ಚರಿಸಬೇಕು. ಆಮೇಲೆ ಸುದ್ದಿ. ಆಮೇಲೆ ‘ನಿಮ್ಮ ನೋವು ನನಗೆ ಅರ್ಥವಾಗುತ್ತದೆ’, ಕೊನೆಗೆ ‘ಏನಾದರೂ ಕೇಳುವುದಿದೆಯೇ’. ನಾಲ್ಕನೆಯದಕ್ಕೆ ನಾನು ಅಳಬೇಕು. ಪ್ರೊಫೆಸರು ಗೋಡೆಯ ಪಕ್ಕ ಕುಳಿತು ಹಾಳೆಯಲ್ಲಿ ಗುರುತು ಹಾಕುತ್ತಾರೆ. ಹಾಳೆಯ ಕೆಳಗೆ ನನ್ನ ಸಹಿಯೂ ಬೇಕು.

ಆ ದಿನ ಬೆಳಗಿನಿಂದ ಬಂದವರೆಲ್ಲ ಆರೂ ಹಂತಗಳನ್ನು ಪಟಪಟನೆ ಒಪ್ಪಿಸಿ ಹೋದರು. ಅತ್ತೂ ಅತ್ತೂ ನನಗೆ ಆಕಳಿಕೆ ಬರುತ್ತಿತ್ತು. ಊಟಕ್ಕೆ ಮುಂಚೆ ಒಬ್ಬ ಹುಡುಗಿ ಬಂದಳು. ಹೆಸರು ಹೇಳಲಿಲ್ಲ. ಎದುರಿನ ಕುರ್ಚಿಯನ್ನು ಎಳೆದು ನನ್ನ ಪಕ್ಕಕ್ಕೆ ಹಾಕಿಕೊಂಡು ಕುಳಿತಳು.

“ಅಮ್ಮಾ, ನಿಮ್ಮ ಮಗ ಉಳೀಲಿಲ್ಲ” ಎಂದಳು.

ನಾನು ಅಳಲು ತಯಾರಾದೆ. ಅವಳು ನನ್ನ ತೊಡೆಯ ಮೇಲಿದ್ದ ಚೀಲವನ್ನು ನೋಡುತ್ತಿದ್ದಳು. ಅದು ಕಾಲೇಜಿನವರು ಕೊಟ್ಟದ್ದಲ್ಲ. ಆಸ್ಪತ್ರೆಗೆ ಓಡಿಬಂದ ತಾಯಿ ಬರಿಗೈಯಲ್ಲಿ ಬಂದಿರುವುದಿಲ್ಲ ಎಂದು ನಾನೇ ಮನೆಯಿಂದ ತರುವುದು. ಒಳಗೆ ನನ್ನ ಮಗನ ಹಳೆಯ ಅಂಗಿ. ಅವನೇನೋ ಗುಂಡುಕಲ್ಲಿನ ಹಾಗಿದ್ದಾನೆ. ಇಷ್ಟು ವರ್ಷದಲ್ಲಿ ಆ ಚೀಲದ ಕಡೆ ಒಬ್ಬರೂ ಕಣ್ಣು ಹಾಯಿಸಿರಲಿಲ್ಲ.

“ಅವರ ಬಟ್ಟೆನಾ?”

“ಹೂಂ. ಮನೆಗೆ ಹೋಗುವಾಗ ಹಾಕ್ಕೊಳ್ಳಲಿ ಅಂತ...” ಎಂದೆ. ನನ್ನ ಪಾತ್ರಕ್ಕೆ ಬರೆದುಕೊಟ್ಟ ಮಾತಲ್ಲ ಅದು, ತಾನಾಗಿ ಬಂತು.

ಅವಳು ನನ್ನನ್ನು ಕೇಳಿ ಅಂಗಿಯನ್ನು ಹೊರಗೆ ತೆಗೆದು ಮಡಿಲಲ್ಲಿಟ್ಟು ಸವರಿದಳು. “ಒಂದು ಗುಂಡಿ ಇಲ್ಲ.”

“ಹಾಕ್ಕೊಡ್ತೀನಿ ಅಂದಿದ್ದೆ” ಎಂದೆ. ಅದು ನಟನೆಯಾಗಿರಲಿಲ್ಲ. ಗಂಟೆ ಬಾರಿಸುವವರೆಗೂ ಅಂಗಿಯ ಒಂದು ತೋಳು ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ.

ಪ್ರೊಫೆಸರು ಎದ್ದು ಬಂದರು. “ಹೆಸರು ಹೇಳ್ಲಿಲ್ಲ, ಎಚ್ಚರಿಕೆ ಕೊಡ್ಲಿಲ್ಲ. ನೋವು ಅರ್ಥ ಆಗುತ್ತೆ ಅಂತಾನೂ ಅನ್ಲಿಲ್ಲ. ಯಾಕಮ್ಮಾ?”

“ಅರ್ಥ ಆಗ್ಲಿಲ್ಲ ಸಾರ್. ನನಗೆ ಮಗ ಎಲ್ಲಿದ್ದಾನೆ? ಸುಳ್ಳು ಹೇಳೋಕೆ ಬಾಯಿ ಬರ್ಲಿಲ್ಲ.”

ಅವರು ‘ಫೇಲ್’ ಎಂದು ಬರೆದು ಹಾಳೆಯನ್ನು ಸಹಿಗಾಗಿ ನನ್ನ ಮುಂದೆ ಹಿಡಿದರು. ಈ ಪರೀಕ್ಷೆಯಲ್ಲಿ ಬಿದ್ದರೆ ಇಡೀ ವರ್ಷ ಮತ್ತೆ ಓದಬೇಕು. ಹುಡುಗಿ ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು.

“ನಾನು ಸಹಿ ಹಾಕಲ್ಲ” ಎಂದೆ.

“ನಿಮಗೇನ್ರೀ ಕಷ್ಟ?”

“ನನ್ನ ಮಗ ಸತ್ತಿದ್ದಾನೆ ಸಾರ್. ನನಗಿಂತ ಕಷ್ಟ ಇನ್ಯಾರಿಗೆ?”

ಅವರು ನಗಲಿಲ್ಲ. “ಇದು ಸಾಬೀತಾದ ವಿಧಾನ. ಸಾವಿರಾರು ತಾಯಂದಿರನ್ನ ಕೇಳಿ ಮಾಡಿದ್ದು.”

“ಈ ತಾಯೀನ ಕೇಳಿದ್ರಾ?”

“ನೋಡಿ, ನಮ್ಮಪ್ಪ ಹೋದಾಗ ಡಾಕ್ಟ್ರು ಮೆಟ್ಟಿಲು ಇಳೀತಾನೇ ಸುದ್ದಿ ಹೇಳಿ ಹೋದ್ರು. ತಿರುಗಿ ಕೂಡ ನೋಡ್ಲಿಲ್ಲ. ಅದಕ್ಕೇ ನಿಯಮ ಮಾಡಿದ್ದು. ಮನಸ್ಸಿಗೆ ಬಂದ ಹಾಗೆ ಅಂಕ ಕೊಟ್ರೆ ನಾಳೆ ಮುಖ ನೋಡಿ ಮಣೆ ಹಾಕೋದೇ ಆಗುತ್ತೆ.”

ಕೆಟ್ಟ ಮನುಷ್ಯರಲ್ಲ ಅವರು, ಆ ಮಾತೂ ಸರಿಯೇ. ಆದರೂ ನನಗೆ ಮೈಯೆಲ್ಲ ಉರಿಯಿತು. ಅದೇ ನಿಯಮ ನನ್ನ ಕಣ್ಣೆದುರಿಗೇ ಒಂದು ನಿಜದ ಕತ್ತು ಹಿಸುಕುತ್ತಿರುವಾಗ ಅದಕ್ಕೆ ಕೈಮುಗಿದು ಕೂರಲು ನನ್ನಿಂದಾಗದು.

“ಹಾಗಾದ್ರೆ ನೀವೇ ಮಾಡಿ ತೋರಿಸಿ. ನಾನು ತಾಯಿ, ನೀವು ಡಾಕ್ಟ್ರು. ಬನ್ನಿ.”

ಹಟಕ್ಕೆ ಬಿದ್ದ ಪ್ರೊಫೆಸರು ಕುರ್ಚಿಯನ್ನು ಮತ್ತೆ ಎದುರಿಗೆ ಸರಿಸಿ ಕುಳಿತರು. ಚೆನ್ನಾಗಿಯೇ ಮಾಡಿದರು, ದನಿ ಮೃದುವಾಗಿತ್ತು, ಒಂದು ಹಂತವೂ ತಪ್ಪಲಿಲ್ಲ. ನಾಲ್ಕನೆಯದಕ್ಕೆ ನಾನೂ ತಪ್ಪದೆ ಅತ್ತೆ. ಚೀಲವೂ ಅಂಗಿಯೂ ನನ್ನ ತೊಡೆಯ ಮೇಲೇ ಇದ್ದವು. “ಏನಾದ್ರೂ ಕೇಳೋದಿದೆಯಾ ಅಮ್ಮಾ?” ಎಂದು ಆರನೆಯದನ್ನೂ ಮುಗಿಸಿ, ಗೆದ್ದವರಂತೆ ನನ್ನ ಮುಖ ನೋಡಿದರು.

“ಇದೆ ಡಾಕ್ಟ್ರೇ” ಎಂದೆ, ಇನ್ನೂ ಆ ತಾಯಿಯಾಗಿಯೇ. “ಆ ಗೋಡೆ ಹತ್ರ ನಿಂತಿರೋ ಮಗೂನ ಕಳಿಸ್ತೀರಾ? ಅವಳು ಪಕ್ಕದಲ್ಲಿ ಕೂತ್ರೆ ಸಾಕು ನಂಗೆ.”

ಪ್ರೊಫೆಸರು ತುಂಬ ಹೊತ್ತು ಚೀಲವನ್ನೇ ನೋಡಿದರು. ಆಮೇಲೆ ಬರೆದದ್ದನ್ನು ಹೊಡೆದುಹಾಕಿ ‘ಪಾಸ್’ ಎಂದು ಬರೆದರು. ಹುಡುಗಿ ಮುಖ ಮುಚ್ಚಿಕೊಂಡು ಅಳತೊಡಗಿದಳು. ನಾನು ಖುಷಿಯಿಂದ ಸಹಿ ಹಾಕಿದೆ.

ಹಾಳೆಯನ್ನು ಹಿಂದಕ್ಕೆ ಕೊಡುವಷ್ಟರಲ್ಲಿ ಅವರು ಇನ್ನೊಂದು ಹಾಳೆಯ ಮೇಲೆ ಬಾಗಿ ಏನೋ ಗೀಚುತ್ತಿದ್ದರು. ಇಣುಕಿದೆ. ಆರನೆಯದರ ಕೆಳಗೆ ಹೊಸದೊಂದು ಸಾಲು: ‘ಏಳನೆಯ ಹಂತ: ಚೀಲದಲ್ಲಿ ಏನಿದೆ ಎಂದು ಕೇಳಬೇಕು. ಎರಡು ಅಂಕ.’

“ಮುಂದಿನ ವರ್ಷದಿಂದ ಎಲ್ಲರೂ ಕೇಳ್ತಾರೆ ನೋಡಿ” ಎಂದರು, ಮುಖ ಅರಳಿಸಿಕೊಂಡು.

ನಾನು ಅಂಗಿಯನ್ನು ಮಡಿಸಿ ಚೀಲಕ್ಕೆ ತುರುಕಿ ಹೆಗಲಿಗೇರಿಸಿದೆ.

“ಕೇಳಲಿ ಸಾರ್” ಎಂದೆ. “ಮುಂದಿನ ವರ್ಷ ನಾನು ಬರಿಗೈಲಿ ಬರ್ತೀನಿ.”