ಊರು ನಾಯಿ ಅಂತ ಬರ್ಕೊಳಿ

ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ್ದ ನಾಯಿ ಪ್ರದರ್ಶನದ ಪೋಸ್ಟರನ್ನು ಕದಿರಮ್ಮ ನಿಂತು ಪೂರ್ತಿ ಓದಿದಳು. ‘ಮಾತು ಕೇಳುವ ನಾಯಿಗಳ ಸ್ಪರ್ಧೆ. ಎಲ್ಲರಿಗೂ ಪ್ರವೇಶ.’

ಮೇಲೂರಿನ ಕಾಲೋನಿಯಲ್ಲಿ ಹುಟ್ಟಿ ಬೆಳೆದ ಅವಳು ಈಗ ಜಂಗಮಕೋಟೆಯ ಸ್ಕೂಲಿನಲ್ಲಿ ಟೀಚರು. ಹಿಪ್ಪುನೇರಳೆ ತೋಟದಲ್ಲಿ ಸಿಕ್ಕಿದ್ದ ನಾಯಿಮರಿ ಚುಕ್ಕಿಯನ್ನು ಸಾಕಿ ದೊಡ್ಡದು ಮಾಡಿದ್ದಳು. ‘ಇರು’ ಅಂದರೆ ಸಾಕು, ಅವಳು ತೋಟದ ಆ ತುದಿ ಮುಟ್ಟಿದರೂ ಚುಕ್ಕಿ ಅಲ್ಲಾಡುತ್ತಿರಲಿಲ್ಲ.

“ಅಲ್ಲಿಗೆ ಬರೋವೆಲ್ಲ ಆಲ್ಸೇಷಿಯನ್ನು, ಪಾಮೇರಿಯನ್ನು ಕಣಮ್ಮ. ಹೋಗಿ ಯಾಕೆ ಅವಮಾನ ಮಾಡಿಸ್ಕೊಂತೀಯ?” ಅಂದ ಅಣ್ಣ ಆವಲಪ್ಪ.

“ನೀನು ಬರ್ಬೇಡ ಬಿಡಣ್ಣ. ನಾನು ಹೋಗ್ತೀನಿ.”

ಭಾನುವಾರ ಅವನೂ ಹೊರಟ. ಕಂಡಕ್ಟರು ನಾಯಿಯನ್ನು ಬಸ್ಸು ಹತ್ತಿಸಲಿಲ್ಲ. ಟೊಮೆಟೊ ಟೆಂಪೋದ ಹಿಂದೆ ಕೂತು ಮೈದಾನ ಸೇರಿದರು.

ಸಫಾರಿ ತೊಟ್ಟ ಕಾರ್ಯದರ್ಶಿ ತಲೆ ಎತ್ತದೆ ಕೇಳಿದ, “ಯಾವ ಜಾತಿ?”

ಕೇಳಿದ್ದು ನಾಯಿಯ ಬಗ್ಗೆಯೇ. ಅದು ಗೊತ್ತಿದ್ದೂ ಕದಿರಮ್ಮನ ಕಿವಿ ಬಿಸಿಯಾಯಿತು. ಶಿಡ್ಲಘಟ್ಟದಲ್ಲಿ ಬಾಡಿಗೆ ಮನೆ ಹುಡುಕುವಾಗ ಬಾಗಿಲು ಬಾಗಿಲಲ್ಲೂ ಕೇಳಿದ್ದ ಮಾತು ಅದು.

“ಊರು ನಾಯಿ ಸಾರ್. ಹಂಗೇ ಬರ್ಕೊಳಿ.”

“ಇದು ಬೀದಿ ನಾಯಿಗಳಿಗಲ್ಲಮ್ಮ. ಜಾತಿ ನಾಯಿಗಳಿಗೆ.”

“ಎಲ್ಲರಿಗೂ ಅಂತ ಪೋಸ್ಟರಲ್ಲಿ ನೀವೇ ಹಾಕ್ಸಿದೀರ.”

“ಹಾಕ್ಸಿದೀವಿ. ನೀವೇ ಅರ್ಥ ಮಾಡ್ಕೋಬೇಕು.”

“ಅರ್ಥ ಆಯ್ತು. ಅದಕ್ಕೇ ಬಂದಿರೋದು.”

ಅವನು ಹೊರಗೆ ಹೋಗಿ ಎಂಬಂತೆ ಗೇಟಿನತ್ತ ಕೈ ತೋರಿಸಿದ. ಕದಿರಮ್ಮ ಹಗ್ಗದಡಿ ನುಸುಳಿ ನೇರವಾಗಿ ಅಂಕಣದೊಳಗೆ ಹೋಗಿ, ಸಾಲಿನ ಕೊನೆಯಲ್ಲಿ ಚುಕ್ಕಿಯೊಡನೆ ನಿಂತಳು.

“ಬಾರಮ್ಮ, ಜನ ನೋಡ್ತಾವ್ರೆ,” ಆವಲಪ್ಪ ಹೊರಗಿನಿಂದ ಪಿಸುಗುಟ್ಟಿದ.

“ನೋಡ್ಲಿ ಬಿಡಣ್ಣ. ತೋರ್ಸೋಕೇ ತಾನೇ ಬಂದಿರೋದು?”

ಕಾರ್ಯದರ್ಶಿ ಓಡಿ ಬಂದ. ತೀರ್ಪುಗಾರರಾದ ವಯಸ್ಸಾದ ಪಶು ಡಾಕ್ಟರು ಕೇಳಿದ್ದು ಒಂದೇ ಮಾತು: “ಕಚ್ಚುತ್ತೇನಮ್ಮ?”

“ಇಲ್ಲ ಸಾರ್.”

“ಇರ್ಲಿ ಬಿಡ್ರಿ, ಬಿಸಿಲೇರ್ತಾ ಇದೆ,” ಅಂದರು ಡಾಕ್ಟರು ಕಾರ್ಯದರ್ಶಿಗೆ.

ಚುಕ್ಕಿ ಕೂತಿತು, ಎದ್ದಿತು, ಪಕ್ಕದಲ್ಲೇ ನಡೆಯಿತು. ಅಷ್ಟರಲ್ಲಿ ಮೈಕು ಕೀರಲಿಟ್ಟಿತು. ಬೆದರಿದ ಚುಕ್ಕಿ ಓಡಿಹೋಗಿ ತೀರ್ಪುಗಾರರ ಮೇಜಿನಡಿ ಅವಿತುಕೊಂಡಿತು. ಜನ ಗೊಳ್ಳೆಂದು ನಕ್ಕರು. ಕದಿರಮ್ಮ ಇಸ್ತ್ರಿ ಸೀರೆಯಲ್ಲೇ ಮಣ್ಣಿಗೆ ಮಂಡಿಯೂರಿ, “ಬಾರೇ ಚುಕ್ಕಿ, ಇನ್ನೂ ಮುಗ್ದಿಲ್ಲ ಕಣೇ,” ಅಂದಳು. ಚುಕ್ಕಿ ತೆವಳುತ್ತಾ ಬಂತು. ಅದನ್ನು ಮತ್ತೆ ಸಾಲಿಗೆ ಕರೆದೊಯ್ದು, ಉಳಿದದ್ದನ್ನೆಲ್ಲ ಮಾಡಿಸಿಯೇ ಬಿಟ್ಟಳು.

ಚುಕ್ಕಿಗೆ ಕೊನೆಯ ಸ್ಥಾನ ಬಂತು.

ಫೋಟೋಗ್ರಾಫರು ಎಲ್ಲರನ್ನೂ ಕರೆದಾಗ ಕಾರ್ಯದರ್ಶಿ ಅಡ್ಡ ನಿಂತ. “ನೀವು ಬೇಡಮ್ಮ.”

“ಸೋತೋರು ಬೇಡ ಅಂದ್ರೆ ಕಪ್ ಸಿಗದೋರೆಲ್ಲ ಈಚೆ ಬರ್ಲಿ. ಆಗ ನಾನೂ ಬರ್ತೀನಿ.”

ಯಾರೂ ಕದಲಲಿಲ್ಲ. ಕದಿರಮ್ಮ ಮುಂದಿನ ಸಾಲಿನಲ್ಲಿ ಚುಕ್ಕಿಯನ್ನು ಕೂರಿಸಿದಳು. ಆವಲಪ್ಪ ಹಗ್ಗ ದಾಟಿ ಬಂದು ತಂಗಿಯ ಪಕ್ಕ ನಿಂತ.

ಫೋಟೋ ಮುಗಿದ ಮೇಲೆ ಅವಳು ಕೇಳಿದಳು, “ಗೌರಿಬಿದನೂರಲ್ಲೂ ಮಾಡ್ತೀರಂತಲ್ಲ ಸಾರ್, ಯಾವತ್ತು?”

ಕಾರ್ಯದರ್ಶಿ ಮುಖ ತಿರುಗಿಸಿದ. “ಮುಂದಿನ ತಿಂಗಳು ಮೇಡಂ,” ಅಂದ ಫೋಟೋಗ್ರಾಫರು.

“ಬರ್ತೀವಿ,” ಅಂದ ಆವಲಪ್ಪ.