ಒಂಬತ್ತನೆಯ ಸದಸ್ಯ

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆ ಅನುದಾನದ ಅರ್ಜಿ ತುಂಬಿದವರಿಗಷ್ಟೇ ಪೂರ್ತಿ ಅರ್ಥವಾಗುತ್ತದೆ. ವಿಲ್ಲೋ ಫ್ಲಾಟ್ ಎಂಬ ಊರಿನ ಹಿರಿಯರ ಸಂಘದ ಕಾರ್ಯದರ್ಶಿ ಎಲ್ಸಿ ಹ್ರಿಂಚುಕ್ ಇಪ್ಪತ್ತೊಂಬತ್ತು ವರ್ಷ ಅಂಥ ಅರ್ಜಿಗಳನ್ನು ತುಂಬಿದವಳು. ಊರ ಸಭಾಂಗಣದ ಚಾವಣಿ, ಅಡುಗೆಮನೆಯ ದೊಡ್ಡ ಫ್ರಿಜ್, ಗಾಲಿಕುರ್ಚಿ ಹತ್ತಿಸುವ ಇಳಿಜಾರು, ಎಲ್ಲವೂ ಅವಳ ಅರ್ಜಿಗಳಿಂದ ಬಂದವು. ಯಾವ ಪ್ರತಿಷ್ಠಾನಕ್ಕೆ ‘ಹೊಸತನ’ ಬೇಕು, ಯಾವುದಕ್ಕೆ ‘ಸಮುದಾಯದ ಸಹಭಾಗಿತ್ವ’ ಬೇಕು ಎಂಬುದು ಅವಳಿಗೆ ಬಾಯಿಪಾಠ. ಮುದುಕರನ್ನು ಆಸ್ಪತ್ರೆಗೆ ಸಾಗಿಸದಿದ್ದರೆ ಸಾಯುತ್ತಾರೆ ಎಂದು ನೆಟ್ಟಗೆ ಬರೆದರೆ ಬಿಡಿಗಾಸೂ ಹುಟ್ಟುವುದಿಲ್ಲ.

ಆ ಚಳಿಗಾಲದಲ್ಲಿ ಹಾಗೆ ಸಾಯಬಹುದಾಗಿದ್ದವನು ಅವಳ ಗಂಡನೇ. ಓರೆಸ್ಟನ ಮೂತ್ರಪಿಂಡಗಳು ಕೈಕೊಟ್ಟು ಮೂರು ವರ್ಷವಾಗಿತ್ತು. ವಾರಕ್ಕೆ ಮೂರು ಸಲ, ನೂರನಲವತ್ತು ಕಿಲೋಮೀಟರ್ ದೂರದ ನಗರದಲ್ಲಿ ಡಯಾಲಿಸಿಸ್. ಸಂಘದ ಹಳೇ ವ್ಯಾನ್ ಅವನನ್ನೂ ಇನ್ನಿಬ್ಬರನ್ನೂ ಕರೆದುಕೊಂಡು ಹೋಗಿ ಬರುತ್ತಿತ್ತು. ನವೆಂಬರಿನಲ್ಲಿ ಅದು ಹೆದ್ದಾರಿಯ ನಡುವೆ ಗೇರ್‌ಬಾಕ್ಸ್ ಒಡೆದುಕೊಂಡು ನಿಂತಿದ್ದು ಮತ್ತೆ ಏಳಲಿಲ್ಲ. ಕಣ್ಣಿಗೆ ಪೊರೆ ಬಂದು ಎಲ್ಸಿಯ ಲೈಸೆನ್ಸ್ ಹೋಗಿತ್ತು. ಅಲ್ಲಿಂದ ಮುಂದೆ ಇವತ್ತು ಈ ಮನೆಯವರು, ನಾಳೆ ಆ ಮನೆಯವರು ಎಂದು ಕೈಕಾಲು ಹಿಡಿದು ಕಾರು ಹೊಂದಿಸಬೇಕಾಯಿತು. ಜನವರಿಯ ಹಿಮಗಾಳಿಗೆ ಎರಡು ಸರದಿ ತಪ್ಪಿತು. ಓರೆಸ್ಟನ ಕಾಲು ಬಾತು, ಮಲಗಿದರೆ ಉಸಿರು ಸಿಗದೆ ರಾತ್ರಿಯಿಡೀ ಕುರ್ಚಿಯಲ್ಲೇ ಕೂರುವಂತಾಯಿತು. ಇನ್ನೊಂದು ಸಲ ಹೀಗಾದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಡಾಕ್ಟರು ಎಲ್ಸಿಯನ್ನು ಪಕ್ಕಕ್ಕೆ ಕರೆದು ಹೇಳಿದರು.

ವ್ಯಾನ್ ಕೊಡುವ ಪ್ರತಿಷ್ಠಾನವೊಂದು ಸಿಕ್ಕಿತ್ತು. ಅರ್ಜಿಯ ಹನ್ನೊಂದು ಪುಟ ತುಂಬಿಯೂ ಆಗಿತ್ತು. ಕೊನೆಯ ಪುಟದಲ್ಲಿ ಒಂದು ಸಾಲು: ಸಂಘದ ಬೈಲಾ ಪ್ರಕಾರ, ಕೋರಂ ಇರುವ ಸರ್ವಸದಸ್ಯರ ಸಭೆಯಲ್ಲಿ ಈ ಅರ್ಜಿಗೆ ಠರಾವು ಆಗಿರಬೇಕು. ವಿಲ್ಲೋ ಫ್ಲಾಟ್ ಸಂಘದ ಕೋರಂ ಒಂಬತ್ತು. ಒಂದು ಕಾಲಕ್ಕೆ ನೂರಅರವತ್ತು ಸದಸ್ಯರಿದ್ದಾಗ ಒಂಬತ್ತು ಯಾವ ಲೆಕ್ಕ? ಈಗ ಉಳಿದವರೇ ಒಂಬತ್ತು ಜನ. ಮಿಕ್ಕವರು ಗುಮ್ಮಟದ ಚರ್ಚಿನ ಹಿಂದೆ ಮಣ್ಣಿನಲ್ಲಿದ್ದರು, ಇಲ್ಲವೇ ದೂರದ ಕೆಲೋನಾದಲ್ಲಿ ಮಕ್ಕಳ ಮನೆಯಲ್ಲಿದ್ದರು. ಹೊಸಬರನ್ನು ಸೇರಿಸಿಕೊಳ್ಳೋಣವೆಂದರೆ ಅದಕ್ಕೂ ಕೋರಂ ಇರುವ ಸಭೆಯೇ ಬೇಕು. ಆ ಒಂಬತ್ತು ಜನರಲ್ಲಿ ಒಬ್ಬರು ಊರ ವೃದ್ಧಾಶ್ರಮದ ಕೊನೆಯ ಕೋಣೆಯಲ್ಲಿ ಸಾಯುತ್ತ ಮಲಗಿದ್ದರು.

ಅವರೇ ನೆಸ್ಟರ್ ಬಾಜ್ಯೂಕ್. ತೊಂಬತ್ತೊಂದು ವರ್ಷ. ಆ ಬೈಲಾವನ್ನು ಬರೆದವರೂ ಅವರೇ. ಹಿಂದೆ ಯಾರೋ ಮೂವರು ಸೇರಿ, ಸಭೆ ಎಂದು ಹೆಸರಿಟ್ಟು, ಸಭಾಂಗಣದ ಪಿಯಾನೋವನ್ನು ಮಾರಿಬಿಟ್ಟಿದ್ದರಂತೆ. ಆ ಸಿಟ್ಟಿಗೆ ನೆಸ್ಟರ್ ಒಂಬತ್ತು ಎಂದು ಬರೆದರು, ಖುದ್ದು ಹಾಜರಿರಬೇಕು ಎಂದೂ ಬರೆದರು. ಐವತ್ತು ವರ್ಷದಲ್ಲಿ ಅದನ್ನು ಇಳಿಸಲು ಆರು ಸಲ ಮಾತು ಬಂತು. ಆರು ಸಲವೂ ಅವರು ಎದ್ದು ನಿಂತು ಪಿಯಾನೋದ ಕಥೆ ಹೇಳಿ ಎಲ್ಲರ ಬಾಯಿ ಮುಚ್ಚಿಸಿದರು. ಎಲ್ಸಿಗೆ ನಡಾವಳಿ ಬರೆಯುವುದನ್ನು ಕಲಿಸಿದವರೂ ಅವರೇ. “ನಡೆದದ್ದು ಬರಿ. ನಡೀಬೇಕಾಗಿದ್ದದ್ದು ಬರೀಬೇಡ,” ಎಂದಿದ್ದರು. ಅವಳು ಇಪ್ಪತ್ತೊಂಬತ್ತು ವರ್ಷ ಹಾಗೆಯೇ ಬರೆದಿದ್ದಳು.

ಗಡುವು ಶುಕ್ರವಾರ ಮಧ್ಯಾಹ್ನ. ಬುಧವಾರ ಎರಡು ಗಂಟೆಗೆ ಎಂಟು ಜನ ಮುದುಕ ಮುದುಕಿಯರು ಬೂಟಿನ ಹಿಮ ಕೊಡವಿ, ದಪ್ಪ ಕೋಟುಗಳಲ್ಲೇ ನೆಸ್ಟರ್ ಮಂಚದ ಸುತ್ತ ನಿಂತರು. ಕುರ್ಚಿ ಎರಡೇ ಇದ್ದವು. ಒಂದನ್ನು ಉಬ್ಬಸಪಡುತ್ತಿದ್ದ ಓರೆಸ್ಟನಿಗೆ ಕೊಟ್ಟು, ಮಂಚದ ಕಾಲ್ದೆಸೆಯಲ್ಲಿ ಕೂರಿಸಿದರು. ಇನ್ನೊಂದರಲ್ಲಿ ನೆಸ್ಟರ್ ಮಗಳು ಡಾರ್ಕಾ ಕೂತಿದ್ದಳು. ಅಪ್ಪನ ಕೈ ಹಿಡಿದು ಕೂತು ಅವಳಿಗೆ ನಾಲ್ಕು ದಿನವಾಗಿತ್ತು.

“ಡಾರ್ಕಾ, ನೀನು ಹೊರಗೆ,” ಎಂದರು ನೆಸ್ಟರ್. ದನಿ ಕಾಗದ ಸರಿದಷ್ಟೇ ಇತ್ತು.

“ನಾನು ನಿಮ್ಮ ಮಗಳು, ಟಾಟೋ.” ಅಪ್ಪನನ್ನು ಅವಳು ಕರೆಯುತ್ತಿದ್ದದ್ದು ಹಾಗೆಯೇ.

“ಮಗಳೇ ಇರಬಹುದಮ್ಮ. ಸದಸ್ಯೆ ಅಲ್ವಲ್ಲ. ಮತ ಹಾಕುವಾಗ ಸದಸ್ಯರಲ್ಲದೋರು ಒಳಗಿರೋ ಹಾಗಿಲ್ಲ.”

“ಪಾಪ, ಇರ್ಲಿ ಬಿಡಿ ನೆಸ್ಟರ್,” ಎಂದ ಅಧ್ಯಕ್ಷ ವಾಲ್ಟ್ ಸೆಮ್ಕೊ.

“ನೀನು ಸುಮ್ನಿರು. ನಿಮ್ಮಪ್ಪ ಪಿಯಾನೋ ಮಾರಿದೋನು.”

ಎಲ್ಲರೂ ನಕ್ಕರು. ಡಾರ್ಕಾ ಕೂಡ ಕಣ್ಣೊರೆಸಿಕೊಂಡು ನಕ್ಕಳು. ಹೊರಗೆ ಹೋಗುತ್ತ ಬಾಗಿಲ ಬಳಿ ಎಲ್ಸಿಯ ತೋಳು ಹಿಡಿದಳು. “ಇವತ್ತೋ ನಾಳೆನೋ ಅಂದಿದ್ದಾರೆ ಡಾಕ್ಟ್ರು. ಅಮ್ಮ ಹೋಗುವಾಗ ನಾನು ಇರ್ಲಿಲ್ಲ. ಇವರಿಗೂ ಹಾಗಾಗಬಾರದು. ಉಸಿರು ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಕೂಗಿ, ಎಲ್ಸಿ. ನಾನಿಲ್ಲೇ ಗೋಡೆ ಆಚೆ ಇರ್ತೀನಿ.”

“ಕೂಗ್ತೀನಿ ಕಣಮ್ಮ. ಒಂದೇ ಕೂಗು.”

ಬಾಗಿಲು ಮುಚ್ಚಿತು. ಎಲ್ಸಿ ಹಾಜರಿ ಕರೆದಳು. ಒಂಬತ್ತು ಜನ ಒಂಬತ್ತು ಥರ ‘ಇದೀನಿ’ ಅಂದರು. ನೆಸ್ಟರ್ ತುಟಿ ಮಾತ್ರ ಆಡಿತು. ನೇರವಾಗಿ ವ್ಯಾನಿನ ವಿಷಯಕ್ಕೆ ಹೋಗೋಣವೇ ಎಂದು ಅವಳು ಮೆಲ್ಲಗೆ ಕೇಳಿದಳು.

“ಮೊದಲು ಹಿಂದಿನ ನಡಾವಳಿ. ಪೂರ್ತಿ ಓದು, ಸಾಲು ನುಂಗಬೇಡ,” ಎಂದು ನೆಸ್ಟರ್ ಉಸುರಿದರು.

ಸಾಯುವ ಮಂಚದಲ್ಲೂ ಹಿಡಿದ ಪಟ್ಟು ಬಿಡದ ಮನುಷ್ಯ. ನಾಲ್ಕು ಪುಟ. ಎಲ್ಸಿ ಹೊಟ್ಟೆಯೊಳಗೇ ಶಪಿಸುತ್ತ ಓದತೊಡಗಿದಳು. ಸಭಾಂಗಣದ ಒಲೆ ರಿಪೇರಿ, ಕಿಟಕಿಯ ಗಾಜು, ಸುಗ್ಗಿ ಮುಗಿದ ಮೇಲಿನ ಕೋಳಿಯೂಟ. “ಕೋಳಿಯೂಟಕ್ಕೆ ಬಂದವರು ಇನ್ನೂರ ಹನ್ನೆರಡು.”

“ಹದಿನಾಲ್ಕು,” ಎಂದರು ನೆಸ್ಟರ್, ಕಣ್ಣು ಮುಚ್ಚಿಕೊಂಡೇ. “ಪಾದ್ರಿ, ಪಾದ್ರಿ ಹೆಂಡತಿ. ಅವರನ್ನ ಬಿಟ್ಟಿದ್ದೀಯ.”

“ಇನ್ನೂರ ಹದಿನಾಲ್ಕು,” ಎಂದು ಎಲ್ಸಿ ತಿದ್ದಿದಳು. ಪೆನ್ನು ಎತ್ತಿ ಮುಂದಿನ ಸಾಲಿಗೆ ಹೋದಳು. ಕೋಣೆಯಲ್ಲಿ ಅವರ ಉಸಿರು ಗೊರಗೊರ ಎನ್ನುತ್ತಿತ್ತು. ಎಳೆಯುವುದು, ನಿಲ್ಲುವುದು, ಬಿಡುವುದು. ಮೂರನೆಯ ಪುಟದ ಮಧ್ಯೆ ಅದು ನಿಂತಿತು. ಈಗ ಬರುತ್ತದೆ ಎಂದುಕೊಂಡು ಅವಳು ಒಂದು ಸಾಲು ಓದಿದಳು. ಇನ್ನೊಂದು ಸಾಲು ಓದಿದಳು. ಬರಲಿಲ್ಲ. ಕನ್ನಡಕದ ಮೇಲಿಂದ ನೋಡಿದಳು. ನೆಸ್ಟರ್ ಬಾಯಿ ಅರ್ಧ ತೆರೆದಿತ್ತು. ಗಂಟಲ ಬಳಿ ಮಿಡಿಯುತ್ತಿದ್ದ ನರ ಮಿಡಿಯುತ್ತಿರಲಿಲ್ಲ.

ಕೂಗಬೇಕಿತ್ತು. ಒಂದೇ ಕೂಗು, ಗೋಡೆಯ ಆಚೆಗೆ. ಆ ಮಗಳು ಓಡಿ ಬಂದು ಇನ್ನೂ ಬಿಸಿಯಿದ್ದ ಕೈಯನ್ನು ಹಿಡಿಯುತ್ತಿದ್ದಳು. ಕೊನೆಯ ಉಸಿರೊಂದು ಉಳಿದಿದ್ದರೆ ಅದೂ ಅವಳಿಗೆ ಸಿಗುತ್ತಿತ್ತೋ ಏನೋ, ಯಾರಿಗೆ ಗೊತ್ತು? ಆದರೆ ಕೂಗಿದರೆ ಎಂಟು. ಎಂಟಾದರೆ ಠರಾವಿಲ್ಲ, ಠರಾವಿಲ್ಲದಿದ್ದರೆ ವ್ಯಾನಿಲ್ಲ. ಎಲ್ಸಿಯ ಕಣ್ಣು ತಾನಾಗಿ ಓರೆಸ್ಟನ ಕಡೆ ಹೊರಳಿತು. ಅವನ ಅಂಗೈ ಕಂಬಳಿಯ ಮೇಲೆ, ನೆಸ್ಟರ್ ಪಾದದ ಮೇಲೆ ಇತ್ತು. ಅವನು ಅವಳನ್ನೇ ನೋಡುತ್ತಿದ್ದ.

ಅವಳು ಉಳಿದ ಒಂದೂವರೆ ಪುಟವನ್ನು ನುಂಗಿದಳು. “ಹಿಂದಿನ ನಡಾವಳಿ ಒಪ್ಪಿಗೆ ಅಂತ ಬರ್ಕೊಳ್ತೀನಿ. ಈಗ ವ್ಯಾನಿಗೆ ಅರ್ಜಿ ಹಾಕೋ ಠರಾವು. ಮಂಡಿಸೋದು ವಾಲ್ಟ್. ಅನುಮೋದನೆ ಯಾರು?”

“ನಂದು,” ಎಂದಳು ಕಿಟಕಿಯ ಬಳಿ ನಿಂತಿದ್ದ ಗ್ಲಾಡಿಸ್.

“ಒಪ್ಪೋರು ಕೈ ಎತ್ತಿ.”

ಕೈಗಳು ಎದ್ದವು. ಕಿವಿ ಮಂದವಾದ ವಾಲ್ಟ್ ಕಾಗದ ನೋಡುತ್ತ ಎತ್ತಿದ. ಓರೆಸ್ಟನ ಕೈ ಎಲ್ಲರಿಗಿಂತ ಕೊನೆಗೆ, ಕಂಬಳಿ ಬಿಟ್ಟು ಮೇಲೆ ಬಂತು. ಮಂಚದ ಕಡೆ ಯಾರೂ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲವೋ ಏನೋ, ಎಲ್ಸಿ ಯಾರನ್ನೂ ಇವತ್ತಿಗೂ ಕೇಳಿಲ್ಲ.

“ಸರ್ವಾನುಮತ. ಸಭೆ ಮುಗೀತು. ಎರಡು ಗಂಟೆ ಇಪ್ಪತ್ತೈದು ನಿಮಿಷ,” ಎಂದು ಬರೆದು, ಅವಳು ಬಾಗಿಲು ತೆರೆದಳು.

ಡಾರ್ಕಾ ಮಡಿಲಲ್ಲಿ ಅಪ್ಪನ ಕೋಟು ಇಟ್ಟುಕೊಂಡು ಗೋಡೆಗೊರಗಿ ಕೂತಿದ್ದಳು. ನಗುತ್ತ ಎದ್ದು ಬಂದಳು. “ಮುಗೀತಾ ನಿಮ್ಮ ಪಾರ್ಲಿಮೆಂಟು?” ಎಂದು ಮಂಚದ ಹತ್ತಿರ ಹೋಗಿ ಕೈ ಹಿಡಿದಳು. ಮತ್ತೆ “ಟಾಟೋ?” ಎಂದಳು. ಆಮೇಲೆ ಅವಳಿಂದ ಬಂದ ದನಿಯನ್ನು ಎಲ್ಸಿ ಸಾಯುವವರೆಗೂ ಮರೆಯುವ ಹಾಗಿಲ್ಲ.

“ಈಗ ತಾನೇ, ಕಣಮ್ಮ. ಮತಕ್ಕೆ ಕೈ ಎತ್ತಿ, ಹಾಗೇ…” ಎಂದಳು ಎಲ್ಸಿ. ಅದು ಅವಳ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಬೇರೆ ಯಾರೋ ಹೇಳಿದ ಹಾಗಿತ್ತು.

ಗುರುವಾರ ಅವಳು ನಡಾವಳಿಯನ್ನು ಚೊಕ್ಕವಾಗಿ ಬರೆದಳು. ಹಾಜರು: ಒಂಬತ್ತು. ಶುಕ್ರವಾರ ಬೆಳಿಗ್ಗೆ ಅರ್ಜಿ ಹೋಯಿತು. ಶನಿವಾರ ನೆಸ್ಟರ್ ಬಾಜ್ಯೂಕ್ ಅವರ ಅಂತ್ಯಕ್ರಿಯೆ. ಬಂದವರ ಊಟಕ್ಕೆಂದು ಸಭಾಂಗಣದ ಅಡುಗೆಮನೆಯಲ್ಲಿ ಎಲ್ಸಿ ಇನ್ನೂರು ಎಲೆಕೋಸಿನ ಸುರುಳಿ ಸುತ್ತಿದಳು. ಒಂದನ್ನೂ ತಿನ್ನಲಿಲ್ಲ.

ಏಪ್ರಿಲ್ ಕೊನೆಗೆ ಪ್ರತಿಷ್ಠಾನದಿಂದ ಫೋನ್ ಬಂತು. ಎಳೇ ದನಿಯ ಹುಡುಗಿ. ವ್ಯಾನ್ ಮಂಜೂರಾಗಿದೆ, ಅಭಿನಂದನೆ ಎಂದಳು. ಎಲ್ಸಿ ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದಳು. “ನಮ್ಮ ಠರಾವಿನ ಸಭೆ ಬಗ್ಗೆ ಒಂದು ಮಾತು ಹೇಳ್ಬೇಕಿತ್ತಮ್ಮ. ಆ ಕೋರಂ…”

“ನಡಾವಳಿ ವಿಷ್ಯಾನಾ, ಮೇಡಂ? ಅಯ್ಯೋ, ಅದನ್ನ ಇಲ್ಲಿ ಯಾರೂ ಓದಲ್ಲ. ಲಗತ್ತಿಸಿದ್ದಾರೆ ಅಂತ ಒಂದು ಟಿಕ್ ಹಾಕ್ತೀವಿ, ಅಷ್ಟೇ. ಎಷ್ಟೋ ಸಂಘದೋರು ಈಮೇಲ್‌ನಲ್ಲೇ ಒಪ್ಪಿಗೆ ತಗೊಂಡು ಕಳಿಸ್ತಾರೆ.”

ಎಲ್ಸಿ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟಳು. ಅಡುಗೆಮನೆಯ ಮೇಜಿಗೆ ಎರಡೂ ಕೈ ಊರಿ ನಿಂತಳು. ಯಾರೂ ಓದದ ಒಂದು ಸಾಲಿಗಾಗಿ ಅವಳು ಒಬ್ಬ ಮಗಳಿಂದ ಅವಳ ಅಪ್ಪನ ಕೊನೆಯ ಗಳಿಗೆಯನ್ನು ಕದ್ದಿದ್ದಳು. ಥೂ, ನನ್ನ ಜನ್ಮಕ್ಕಿಷ್ಟು ಎಂದು ಜೋರಾಗಿಯೇ ಅಂದಳು. ಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲ. ಓರೆಸ್ಟ್ ಯಾರದೋ ಕಾರಿನಲ್ಲಿ ನಗರಕ್ಕೆ ಹೋಗಿದ್ದ.

ಜೂನ್‌ನಲ್ಲಿ ವ್ಯಾನ್ ಬಂತು. ಬಿಳಿ ಬಣ್ಣ, ಗಾಲಿಕುರ್ಚಿ ಹತ್ತಿಸುವ ಸಲಕರಣೆ, ಬಾಗಿಲ ಮೇಲೆ ‘ನೆಸ್ಟರ್ ಬಾಜ್ಯೂಕ್ ನೆನಪಿಗೆ’ ಎಂಬ ಬರಹ. ಆದರೆ ಅನುದಾನದವರು ಗಾಡಿ ಕೊಡುತ್ತಾರೆಯೇ ಹೊರತು ಓಡಿಸುವವನ ಸಂಬಳ ಕೊಡುವುದಿಲ್ಲ. ಹಳೇ ಚಾಲಕ ಊರು ಬಿಟ್ಟಿದ್ದ. ಉಳಿದವರಲ್ಲಿ ಒಬ್ಬರಿಗೆ ಕಣ್ಣಿಲ್ಲ, ಒಬ್ಬರಿಗೆ ಸೊಂಟವಿಲ್ಲ, ಕಾರು ಕೊಡುತ್ತಿದ್ದವರಿಗೆ ವಾರಕ್ಕೆ ಮೂರು ದಿನ ಬಿಡುವಿಲ್ಲ. ವ್ಯಾನ್ ಹತ್ತು ದಿನ ಸಭಾಂಗಣದ ಮುಂದೆ ದೇವರ ಬಸವನ ಹಾಗೆ ಸುಮ್ಮನೆ ನಿಂತಿತ್ತು. ಹನ್ನೊಂದನೆಯ ದಿನ ಡಾರ್ಕಾ ಎಲ್ಸಿಯ ಮನೆ ಬಾಗಿಲು ತಟ್ಟಿದಳು.

“ಕೀ ಕೊಡಿ. ಟಾಟೋ ಕೊನೇ ಉಸಿರಲ್ಲಿ ಕೈ ಎತ್ತಿ ತಂದ ಗಾಡಿ ಇದು. ನಾನಿರುವಾಗ ನಿಲ್ಲಬಾರದು.”

ಆ ರಾತ್ರಿ ಓರೆಸ್ಟ್ ಕುರ್ಚಿಯಲ್ಲಿ ಕೂತು, ಇಷ್ಟು ದಿನ ಇಬ್ಬರೂ ಎತ್ತದ ಮಾತನ್ನು ಎತ್ತಿದ. “ಅವಳಿಗೆ ಹೇಳಿಬಿಡು ಎಲ್ಸಿ. ನೆಸ್ಟರ್ ಕಾಲು ನನ್ನ ಕೈಯಡಿ ಸಡಿಲಾಗಿದ್ದು ನನಗೆ ಗೊತ್ತಾಗಿತ್ತು. ನಾನೂ ಕೈ ಎತ್ತಿದೆ. ತಪ್ಪು ಇಬ್ಬರದೂ.”

“ಹೇಳಿದ್ಮೇಲೆ ಅವಳು ಓಡಿಸ್ತಾಳಾ? ಇನ್ಯಾರು ಕರ್ಕೊಂಡು ಹೋಗ್ತಾರೆ ನಿನ್ನ?”

ಅವನು ಬಾತ ಕಾಲನ್ನು ಸ್ಟೂಲಿನ ಮೇಲೆ ಎತ್ತಿಟ್ಟುಕೊಂಡ. “ಹಾಗಾದ್ರೆ ನಾನು ಹೋದ ಮೇಲೆ ಹೇಳು.”

ಸೋಮವಾರ, ಬುಧವಾರ, ಶುಕ್ರವಾರ. ಬೆಳಗಿನ ಐದೂವರೆಗೆ ವ್ಯಾನ್ ಬಾಗಿಲಿಗೆ ಬರುತ್ತದೆ. ಮುಂದಿನ ಸೀಟು ಎಲ್ಸಿಯದು. ಡಾರ್ಕಾ ಅವಳಿಗೆಂದು ಫ್ಲಾಸ್ಕಿನಲ್ಲಿ ಕಾಫಿ ತರುತ್ತಾಳೆ, ಅದನ್ನು ಕುಡಿಯಲೂ ಆಗುವುದಿಲ್ಲ, ಬಿಡಲೂ ಆಗುವುದಿಲ್ಲ. ಎರಡೂ ಕಡೆ ಗೋಧಿ ಹೊಲ, ನೆಟ್ಟಗಿನ ರಸ್ತೆ, ಒಂದೂವರೆ ಗಂಟೆಯ ದಾರಿ. ಅರ್ಧ ದಾರಿ ಕಳೆದ ಮೇಲೆ ಡಾರ್ಕಾ ಕೇಳಿಯೇ ಕೇಳುತ್ತಾಳೆ.

“ಆ ಪಾದ್ರಿ ಹೆಂಡತಿ ಮಾತು ಇನ್ನೊಂದ್ಸಲ ಹೇಳಿ.”

ಅದನ್ನು ಹೇಳುವುದು ಎಲ್ಸಿಗೆ ಕಷ್ಟವಲ್ಲ, ಅದು ನಡೆದದ್ದು. ಹದಿನಾಲ್ಕು ಎಂದದ್ದನ್ನು ಹೇಳುತ್ತಾಳೆ. ಡಾರ್ಕಾ ಪ್ರತಿಸಲವೂ ಹೊಸದಾಗಿ ಕೇಳಿದ ಹಾಗೆ ನಗುತ್ತಾಳೆ. ಆಮೇಲೆ ಮುಂದಿನದನ್ನು ತಾನೇ ಹೇಳುತ್ತಾಳೆ.

“ಆಮೇಲೆ ಕೈ ಎತ್ತಿದ್ರು.”

“ಎತ್ತಿದ್ರು.”

“ಬಲಗೈ.”

“ಬಲಗೈ.”

“ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ, ಎಲ್ಸಿ. ಒಂಚೂರು ಒದ್ದಾಡಿದ್ರೂ ನೀವು ಕೂಗ್ತಿದ್ರಿ ಅಲ್ವಾ?”

ಹಿಂದಿನ ಸೀಟಿನಲ್ಲಿ ಓರೆಸ್ಟ್ ಕಣ್ಣು ಮುಚ್ಚಿಕೊಂಡಿರುತ್ತಾನೆ. ಅವನಿಗೆ ನಿದ್ದೆ ಬಂದಿಲ್ಲವೆಂದು ಎಲ್ಸಿಗೆ ಗೊತ್ತು. ಈ ಮನುಷ್ಯ ಇನ್ನೂ ಹತ್ತು ವರ್ಷ ಬದುಕಲಿ ಎಂದು ಅವಳು ದಿನಾ ಬೇಡಿಕೊಳ್ಳುತ್ತಾಳೆ. ಅಷ್ಟೂ ವರ್ಷ ವಾರಕ್ಕೆ ಮೂರು ಸಲ ಈ ಪ್ರಶ್ನೆಗೆ ಉತ್ತರ ಹೇಳಬೇಕೆಂಬುದೂ ಅವಳಿಗೆ ಗೊತ್ತು.

“ಕೂಗ್ತಿದ್ದೆ ಕಣಮ್ಮ,” ಎನ್ನುತ್ತಾಳೆ.

ಡಾರ್ಕಾ ಗೇರಿನ ಮೇಲಿದ್ದ ಕೈ ತೆಗೆದು ಎಲ್ಸಿಯ ಮೊಣಕೈ ಸವರುತ್ತಾಳೆ. “ಅದೊಂದೇ ನನಗೆ ಸಮಾಧಾನ,” ಎಂದು ಮತ್ತೆ ರಸ್ತೆ ನೋಡುತ್ತಾಳೆ.