ಒದ್ದೆ ಟವಲ್

ಕಾನೂನು ಓದುತ್ತಿದ್ದ ಹುಡುಗಿ ಕೆಲಸ ಕಲಿಯಲೆಂದು ಹಿರಿಯ ವಕೀಲರೊಬ್ಬರ ಕಚೇರಿಗೆ ಬಂದ ದಿನವೇ ಗುಮಾಸ್ತ ಅವಳಿಗೆ ‘ಮರಿ ಲಾಯರ್’ ಎಂದು ಹೆಸರಿಟ್ಟುಬಿಟ್ಟಿದ್ದ. ಕಡತ ಹೊತ್ತೂ ಹೊತ್ತೂ ಭುಜ ಬಿದ್ದುಹೋದ ಮೇಲೆ, ಅಂತೂ ಒಂದು ನಿಜವಾದ ಕೆಲಸ ಅವಳ ಪಾಲಿಗೆ ಬಂತು. ಸಾಕ್ಷಿ ಹೇಳಬೇಕಾದ ತಾಯಿಯೊಬ್ಬಳನ್ನು ಅಣಿಗೊಳಿಸಬೇಕಿತ್ತು.

ಆಕೆಯ ಮಗ ರಟ್ಟಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸತ್ತಿದ್ದ. ತಪ್ಪು ಅವನದೇ ಎಂದು ಮಾಲೀಕ ವಾದ ಹೂಡಿದ್ದ. ಅವನು ಸಾಯುವ ಹಿಂದಿನ ದಿನ ಊಟದ ಡಬ್ಬಿ ಕೊಡಲು ಹೋಗಿದ್ದ ತಾಯಿಯನ್ನು ಬಿಟ್ಟರೆ, ಕಂಡದ್ದನ್ನು ಬಾಯಿಬಿಟ್ಟು ಹೇಳುವವರು ಬೇರೆ ಯಾರೂ ಇರಲಿಲ್ಲ.

“ಆ ಮಿಷನ್ನು ಹಸಿದ ಹಂದಿ ಥರ ಬಾಯಿ ತೆರಕೊಂಡು ನಿಂತಿತ್ತು ಕಣೇ ಮಗಾ. ಮುಚ್ಚಳ ಬಿಚ್ಚಿ ಗೋಡೆಗೆ ಒರಗಿಸಿದ್ರು. ಅದರ ಮೇಲೆ ಯಾರೋ ಒದ್ದೆ ಟವಲ್ ಒಣಹಾಕಿದ್ರು.”

“ಹಂದಿ, ಮುಚ್ಚಳ, ಟವಲ್ ಎಲ್ಲ ಕೋರ್ಟಲ್ಲಿ ಬೇಡಮ್ಮ. ‘ಯಂತ್ರಕ್ಕೆ ರಕ್ಷಣಾ ಕವಚ ಅಳವಡಿಸಿರಲಿಲ್ಲ’ ಅನ್ನಿ, ಸಾಕು.”

ತಾಯಿ ನಾಲಿಗೆ ತಿರುಗಿಸಿ ತಿರುಗಿಸಿ ಕಲಿತಳು. ಪಾತ್ರೆ ತಿಕ್ಕುವಾಗಲೂ ಅದೇ, ಬಸ್ಸಿನಲ್ಲೂ ಅದೇ.

“ನನ್ನ ಮಗ ಬೇಜವಾಬ್ದಾರಿ ಅಲ್ಲ ಅಂತ ಜಡ್ಜ್ ಬಾಯಲ್ಲಿ ಬಂದ್ರೆ ಸಾಕು. ಇನ್ನೇನೂ ಬೇಡ ನಂಗೆ.”

“ಬರುತ್ತೆ. ಏನು ಕೇಳಿದ್ರೂ ನಿಜಾನೇ ಹೇಳಿ.”

“ಸುಳ್ಳು ಹೇಳೋ ಅಷ್ಟು ಬುದ್ಧಿ ನಂಗೆಲ್ಲಿದೆ ಬಿಡು.”

ಕಟಕಟೆಯಲ್ಲಿ ಆಕೆ ಒಂದಕ್ಷರ ತಪ್ಪದೆ ಹೇಳಿದಳು. ಹಿರಿಯ ವಕೀಲರು ತಲೆದೂಗಿ ಕೂತರು. ಎದುರು ಪಕ್ಷದ ವಕೀಲ ಎದ್ದ. ಅವನ ದನಿ ಬೆಣ್ಣೆಯಂತಿತ್ತು.

“ರಕ್ಷಣಾ ಕವಚ ಅಂದ್ರೆ ಏನಮ್ಮಾ?”

ಆಕೆ ತಬ್ಬಿಬ್ಬಾದಳು. ಮುಚ್ಚಳ ಎಂಬ ಮಾತು ಬಾಯಿ ತುದಿಗೆ ಬಂದಿರಬೇಕು. ಆದರೆ ಅದು ಬೇಡವೆಂದು ಹೇಳಿಕೊಟ್ಟಿದ್ದರಲ್ಲ.

“ಗೊತ್ತಿಲ್ಲ ಸ್ವಾಮಿ.”

“ಮತ್ತೆ ಈ ಮಾತು ಯಾರು ಹೇಳಿಕೊಟ್ರು?”

ನಿಜಾನೇ ಹೇಳಬೇಕಿತ್ತು. ಆಕೆ ಹಿಂದಿನ ಬೆಂಚಿನತ್ತ ಕೈ ತೋರಿಸಿದಳು. ಮುಖದಲ್ಲಿ ಅಭಿಮಾನವೂ ಇತ್ತು.

“ಅಗೋ, ಆ ಮಗು. ದಿನಾ ಕೂರಿಸಿಕೊಂಡು ಹೇಳಿಕೊಡ್ತು.”

ಜಡ್ಜ್ ಪೆನ್ನು ಕೆಳಗಿಟ್ಟರು. ಹಿರಿಯರು ಎದ್ದು ಎರಡು ಪ್ರಶ್ನೆ ಕೇಳಿ ನೋಡಿದರು. ಜಡ್ಜ್ ಮುಖ ಕಂಡು ಹೆದರಿದ ತಾಯಿ ಎಲ್ಲಕ್ಕೂ ಅದೇ ವಾಕ್ಯ ಒಪ್ಪಿಸಿದಳು.

ಹೊರಗೆ ಮೆಟ್ಟಿಲ ಬಳಿ ಹುಡುಗಿ ಮುಚ್ಚಳದ ಸಂಗತಿ, ಟವಲ್ಲಿನ ಸಂಗತಿ ಎಲ್ಲವನ್ನೂ ತೊದಲುತ್ತ ಹೇಳಿದಳು. ಹಿರಿಯರು ಕನ್ನಡಕ ತೆಗೆದು ಕಣ್ಣೊರಸಿಕೊಂಡರು.

“ಒದ್ದೆ ಟವಲ್ ಇತ್ತಾ? ಅದೊಂದು ಸಾಕಾಗಿತ್ತಲ್ಲೇ. ಅಂಥದ್ದನ್ನ ಯಾರೂ ಕಟ್ಟಿ ಹೇಳೋಕಾಗಲ್ಲ.” ಕನ್ನಡಕ ಮತ್ತೆ ಹಾಕಿಕೊಂಡು, “ಕಾಲೇಜಿನವರಿಗೆ ಚೆನ್ನಾಗಿ ಕೆಲಸ ಮಾಡಿದಾಳೆ ಅಂತಾನೇ ಹೇಳ್ತೀನಿ. ಹೋಗು, ಆಕೆಗೆ ನೀರು ಕೊಡು,” ಎಂದರು.

ತಾಯಿ ಬೆಂಚಿನ ಮೇಲೆ ಕಾಯುತ್ತಿದ್ದಳು. ಲೋಟ ಕೈಗೆ ಕೊಟ್ಟರೂ ಕುಡಿಯಲಿಲ್ಲ.

“ನಾನು ಎಲ್ಲೂ ತಪ್ಪಲಿಲ್ಲ ತಾನೆ, ಮಗಾ?”

“ಇಲ್ಲಮ್ಮ,” ಎಂದಳು ಹುಡುಗಿ. “ನೀವೆಲ್ಲೂ ತಪ್ಪಲಿಲ್ಲ.”